ಸರ್ಕಲ್ ಹಂಚಿಕೆ: ಬಸ್ಸು ತಿರುಗುವ ಊರಿನಿಂದ ಶುರು

ಒಂದು ಹೆಣ್ಣುಮಗು, ಎರಡೂವರೆ ವರ್ಷ. ಅಂಗನವಾಡಿ ಪುಸ್ತಕದಲ್ಲಿ ಅದರ ತೂಕ 8.4 ಕೆ.ಜಿ. ಆಶಾ ಕಾರ್ಯಕರ್ತೆಯ ಡೈರಿಯಲ್ಲಿ 7.6. ಪಂಚಾಯತಿಯ ಕೂಸಿನ ಮನೆಯಲ್ಲಿ, ಅಂದರೆ ಹಗಲು ಮಕ್ಕಳನ್ನು ನೋಡಿಕೊಳ್ಳುವ ಕೇಂದ್ರದಲ್ಲಿ, ಸುಮ್ನೆ 9 ಎಂದು ಬರೆದಿದ್ದರು. ಮೂರೂ ಒಂದೇ ತಿಂಗಳಿನವು.

ಚಿಕ್ಕಬಳ್ಳಾಪುರ ಜಿಲ್ಲೆಯ ಒಂದು ತಾಲ್ಲೂಕಿನಲ್ಲಿ ಆಗ ನಾನು ಎಸಿಡಿಪಿಓ, ಅಂದರೆ ಸಹಾಯಕ ಶಿಶು ಅಭಿವೃದ್ಧಿ ಯೋಜನಾಧಿಕಾರಿ. ಸಿಡಿಪಿಓ ಹುದ್ದೆ ಖಾಲಿಯಿತ್ತು, ಪ್ರಭಾರವೂ ನನ್ನ ತಲೆಗೇ. ತಾಲ್ಲೂಕಿನ ಹೆಸರು ಬೇಡ. ತಪ್ಪು ನಮ್ಮದೇ ಆದರೂ ಜೊತೆಯಲ್ಲಿದ್ದವರು ಇನ್ನೂ ಕೆಲಸದಲ್ಲಿದ್ದಾರೆ.

ಮಗುವಿನ ತೋಳಿಗೆ ಅಳತೆಯ ಬಣ್ಣದ ಪಟ್ಟಿ ಸುತ್ತಿದರೆ 11.2 ಸೆಂ.ಮೀ. ಬಂತು. 11.5ಕ್ಕಿಂತ ಕಡಿಮೆ ಇದ್ದರೆ ಪಟ್ಟಿಯಲ್ಲಿ ಕೆಂಪು. ಅಂಥ ಮಗುವನ್ನು ಕೂಡಲೇ ಡಾಕ್ಟರಿಗೆ ತೋರಿಸಬೇಕು, ಬೇಕಿದ್ದರೆ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಸೇರಿಸಬೇಕು. ಈ ಮಗು ಡಾಕ್ಟರ ಮುಂದೆ ಹೋಗುವ ಹೊತ್ತಿಗೆ ಹನ್ನೊಂದು ದಿನ ಕಳೆದಿತ್ತು.

ಯಾರೂ ಕೆಲಸ ತಪ್ಪಿಸಿರಲಿಲ್ಲ. ಅದೇ ನನ್ನನ್ನು ಕಾಡಿದ್ದು. ಅಂಗನವಾಡಿ ವರ್ಕರ್ ತನ್ನ ಮೇಲ್ವಿಚಾರಕಿಗೆ, ಅಂದರೆ ಸೂಪರ್‌ವೈಸರಿಗೆ, ಹೇಳಿದ್ದಳು. ಸೂಪರ್‌ವೈಸರ್ ತಾನು ಪ್ರತಿ ತಿಂಗಳು ಸಭೆಗೆ ಹೋಗುವ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಚೀಟಿ ಕೊಟ್ಟಿದ್ದರು. ಆದರೆ ಆ ಊರು ಆ ಆಸ್ಪತ್ರೆಗೆ ಸೇರಿದ್ದೇ ಅಲ್ಲ, ಪಕ್ಕದ ಆಸ್ಪತ್ರೆಯದು. ಪಂಚಾಯತಿ ಕಚೇರಿ ಇನ್ನೊಂದು ದಿಕ್ಕಿಗೆ. ಚೀಟಿ ಒಂದು ಮೇಜಿನ ಗಾಜಿನ ಕೆಳಗೆ ಮಲಗಿತ್ತು. ಮೂರು ಇಲಾಖೆಗಳ ನಕಾಶೆ ತೆಗೆದು ನೋಡಿದರೂ ಮೂರರಲ್ಲೂ ಆ ಊರು ಕೊನೆಯ ಅಂಚಿನಲ್ಲೇ.

ಆ ಸಂಜೆ ನಮ್ಮ ಸರ್ಕಲ್ ಪಟ್ಟಿ ತೆಗೆದು ಕೂತೆ. ಒಬ್ಬ ಸೂಪರ್‌ವೈಸರ್ ನೋಡಿಕೊಳ್ಳುವ ಅಂಗನವಾಡಿಗಳ ಗುಂಪೇ ಸರ್ಕಲ್. ಕಾಗದದಲ್ಲಿ ವೃತ್ತ ಅಂತಲೇ ಬರೆಯುತ್ತೇವೆ, ಬಾಯಲ್ಲಿ ಮಾತ್ರ ಸರ್ಕಲ್. ಒಬ್ಬ ಮೇಲ್ವಿಚಾರಕಿಗೆ ಸುಮಾರು 25 ಅಂಗನವಾಡಿ ಎಂಬುದು ಹಳೆಯ ಲೆಕ್ಕ. ನಮ್ಮಲ್ಲಿ ಒಬ್ಬರಿಗೆ 19 ಇತ್ತು, ಇನ್ನೊಬ್ಬರಿಗೆ 38. ಯಾವಾಗ ಹಾಗೆ ಹಂಚಿದರು, ಯಾಕೆ ಹಂಚಿದರು ಅಂತ ಕೇಳಿದರೆ ಯಾರಿಗೂ ಗೊತ್ತಿಲ್ಲ. ಹೊಸ ಕೇಂದ್ರ ಮಂಜೂರಾದಾಗ ಅವತ್ತು ಆಫೀಸಿನಲ್ಲಿ ಸಿಕ್ಕ ಸೂಪರ್‌ವೈಸರ್ ಹೆಸರಿಗೆ ಸೇರಿಸಿರುತ್ತಾರೆ, ಅಷ್ಟೇ.

ಕಚೇರಿ ಒಡೆಯುವುದನ್ನು ನಾನು ಮೊದಲು ನೋಡಿದ್ದು 2007ರಲ್ಲಿ. ಕೋಲಾರ ಜಿಲ್ಲೆಯ 11 ತಾಲ್ಲೂಕುಗಳಲ್ಲಿ 6 ಬೇರೆಯಾಗಿ ಚಿಕ್ಕಬಳ್ಳಾಪುರ ಜಿಲ್ಲೆಯಾಯಿತು. ನಾನಾಗ ಸೂಪರ್‌ವೈಸರ್. ಊರು ಊರಲ್ಲೇ ಇತ್ತು, ಮಕ್ಕಳು ಅಲ್ಲೇ ಇದ್ದರು, ಮೇಲಿನ ಕಚೇರಿ ಮಾತ್ರ ಬದಲಾಯಿತು. ನಮಗೇನು ವ್ಯತ್ಯಾಸ ಅಂದುಕೊಂಡಿದ್ದೆ. ಆಮೇಲೆ ಒಬ್ಬ ಹೆಲ್ಪರ್ ಅಮ್ಮನ ನೇಮಕದ ಕಾಗದ ಬೇಕಾಯಿತು. ಯಾವ ಕಚೇರಿಯ ಯಾವ ಗಂಟಿನಲ್ಲಿದೆ ಎಂದು ಹುಡುಕಲು ಎಷ್ಟೋ ಸಲ ಬಸ್ಸು ಹತ್ತಿದೆ. ಜನರನ್ನು ಹಂಚುವ ಮೊದಲು ಕಾಗದ ಹಂಚಬೇಕು ಅಂತ ಆಗಲೇ ತಲೆಗೆ ಹೋಯಿತು. ಈ ಸಲ ಅದನ್ನೇ ಮೊದಲು ಮಾಡಿದೆವು. ಪ್ರತಿ ಅಂಗನವಾಡಿಗೂ ಒಂದೊಂದು ಫೈಲು: ಕಟ್ಟಡ ಸ್ವಂತದ್ದೋ ಬಾಡಿಗೆಯೋ, ವರ್ಕರ್ ಮತ್ತು ಹೆಲ್ಪರ್ ನೇಮಕದ ಆದೇಶ, ಬಾಲವಿಕಾಸ ಸಮಿತಿಯ ಖಾತೆ, ಸಾಮಾನಿನ ಪಟ್ಟಿ. ಬೇಸರದ ಕೆಲಸ. ಆರು ವಾರ ಹಿಡಿಯಿತು.

ನಂತರ ಸೂಪರ್‌ವೈಸರ್‌ಗಳನ್ನೆಲ್ಲ ಕೂರಿಸಿ ಒಂದೊಂದು ಬಿಳಿ ಹಾಳೆ ಕೊಟ್ಟೆ. ನಿಮ್ಮ ಮನೆಯಿಂದ ಯಾವ ಬಸ್ಸು, ಎಷ್ಟು ಹೊತ್ತಿಗೆ, ಎಲ್ಲಿ ಇಳಿದು ಎಷ್ಟು ದೂರ ನಡೆಯುತ್ತೀರಿ, ಬರೆಯಿರಿ ಅಂದೆ. ಕೊನೆಯ ಪ್ರಶ್ನೆ: ನೀವು ಎಲ್ಲಕ್ಕಿಂತ ಕಡಿಮೆ ಸಲ ಹೋಗುವ ಐದು ಕೇಂದ್ರ ಯಾವುವು?

ಎಲ್ಲರೂ ಪೆನ್ನು ಕೆಳಗಿಟ್ಟರು.

ಅವರಲ್ಲಿ ಹಿರಿಯರೊಬ್ಬರು ಕೇಳಿದರು, "ಮೇಡಂ, ಇದನ್ನ ಬರೆದುಕೊಟ್ಟರೆ ನಾಳೆ ನೋಟಿಸ್ ಕೊಡಲ್ಲ ತಾನೇ?"

"ಹೆಸರು ಬರೀಬೇಡಿ ಮೇಡಂ, ಊರು ಮಾತ್ರ ಬರೆಯಿರಿ" ಅಂದೆ. ಕೊಟ್ಟ ಮಾತು ಉಳಿಸಿಕೊಂಡೆ. ಬಾಯಿಬಿಡಲು ಭಯ ಇದ್ದರೆ ಸರಿಯಾದ ನಕಾಶೆ ಆಗುವುದೇ ಇಲ್ಲ ಅಲ್ವಾ.

ಹಾಳೆಗಳನ್ನು ಗೋಡೆಯ ಮೇಲಿನ ತಾಲ್ಲೂಕು ನಕಾಶೆಗೆ ಹೋಲಿಸಿ ಕೆಂಪು ಬಿಂದಿ ಅಂಟಿಸಿದೆವು. ನಿಜವಾದ ಹಣೆ ಬಿಂದಿಯೇ, ನಮ್ಮ ಕಚೇರಿಯ ಗುಮಾಸ್ತೆ ಬ್ಯಾಗಿನಿಂದ ತೆಗೆದು ಕೊಟ್ಟರು. ಬಿಂದಿಗಳೆಲ್ಲ ಸರ್ಕಲ್‌ಗಳ ಗಡಿಯಲ್ಲೇ ಕೂತವು. ಕೆಂಪು ಬಸ್ಸು ಎಲ್ಲಿ ತಿರುಗಿ ವಾಪಸ್ ಬರುತ್ತದೋ ಅದರಾಚೆಯ ಊರುಗಳು. ಅವುಗಳಲ್ಲಿ ಹೆಚ್ಚಿನವು ಆಂಧ್ರದ ಕಡೆಗಿನವು. ತಮಾಷೆ ಏನೆಂದರೆ ಇಬ್ಬರು ಸೂಪರ್‌ವೈಸರ್‌ಗಳ ಬಾಲದ ಊರುಗಳು, ಅಂದರೆ ಕೊನೆಯ ಊರುಗಳು, ಅಕ್ಕಪಕ್ಕದಲ್ಲೇ ಇದ್ದವು. ಎರಡೂ ಬಾಲ ಸೇರಿಸಿದರೆ ಒಂದು ದಿನದ ಪ್ರವಾಸ. ಬೇರೆ ಬೇರೆ ಇದ್ದಾಗ ಇಬ್ಬರಿಗೂ ಅದು ಮೂಲೆ.

ಆದ್ದರಿಂದ ತಲಾ 25 ಅಂತ ಎಣಿಸಿ ಹಂಚುವುದನ್ನು ಕೈಬಿಟ್ಟೆವು. ಬಸ್ಸು ತಿರುಗುವ ಊರಿನಿಂದಲೇ ಶುರುಮಾಡಿ ಒಳಗೆ ಬಂದೆವು. ಮೊದಲು ದೂರದ ಊರುಗಳ ಗುಂಪು, ಅದಕ್ಕೆ ಹೊಂದುವಂತೆ ಹತ್ತಿರದವು. ದೂರ ಜಾಸ್ತಿ ಇದ್ದವರಿಗೆ 21 ಕೇಂದ್ರ, ಪಟ್ಟಣದವರಿಗೆ 30. ಪಟ್ಟಣದವರು ಗೊಣಗಿದರು. ಗೊಣಗಲಿ.

ಎರಡನೇ ಪ್ರಶ್ನೆಗೆ ಜಾಸ್ತಿ ಜಗಳವಾಯಿತು. ಸರ್ಕಲ್‌ನ ಗಡಿ ಯಾವುದಕ್ಕೆ ಕೂಡಬೇಕು, ಗ್ರಾಮ ಪಂಚಾಯತಿಗೋ ಆಸ್ಪತ್ರೆಗೋ? ಎರಡೂ ಒಂದೇ ಇದ್ದರೆ ತಕರಾರಿಲ್ಲ. ಇರುವುದಿಲ್ಲವಲ್ಲ. ಗ್ರಾಮೀಣ ಭಾಗದಲ್ಲಿ 400ರಿಂದ 800 ಜನರಿಗೆ ಒಂದು ಅಂಗನವಾಡಿ. 25 ಕೇಂದ್ರ ಅಂದರೆ ಹೆಚ್ಚೆಂದರೆ 20,000 ಜನ. ಪ್ರಾಥಮಿಕ ಆರೋಗ್ಯ ಕೇಂದ್ರದ ಲೆಕ್ಕ ಬಯಲು ಸೀಮೆಯಲ್ಲಿ 30,000 ಜನಕ್ಕೆ ಒಂದು. ಹಾಗಾಗಿ ಒಂದು ಆಸ್ಪತ್ರೆಗೆ ಒಂದೂವರೆ ಸರ್ಕಲ್ ಬರುತ್ತದೆ. ಆ ಅರ್ಧದಲ್ಲೇ ನಮ್ಮ ಮಗು ಕಳೆದುಹೋಗಿದ್ದು.

ಕಟ್ಟಡ, ನೀರು, ಕರೆಂಟ್ ಬಿಲ್ಲು ಎಲ್ಲ ಪಂಚಾಯತಿಯಿಂದಲೇ, ಅದನ್ನೇ ಹಿಡಿಯೋಣ ಎಂದು ಕೆಲವರು. ನಾನು ಆಸ್ಪತ್ರೆ ಎಂದೆ. ಪಂಚಾಯತಿ ಅಧಿಕಾರಿ ಪಿಡಿಓ ಜೊತೆ ಫೋನಿನಲ್ಲಿ ಮಾತಾಡಿ ನಲ್ಲಿ ರಿಪೇರಿ ಮಾಡಿಸಬಹುದು. ಲಸಿಕೆ, ತೂಕ, ರಕ್ತ ಕಡಿಮೆಯಿರುವ ಬಸುರಿ, ಇವಕ್ಕೆ ನರ್ಸಮ್ಮ, ಆಶಾ, ನಮ್ಮ ಸೂಪರ್‌ವೈಸರ್ ಮೂವರೂ ಒಂದೇ ಸಭೆಯಲ್ಲಿ ಎದುರುಬದುರು ಕೂರಬೇಕು. ಕೊನೆಗೆ ಹೀಗೆ ಮಾಡಿದೆವು: ಒಬ್ಬ ಸೂಪರ್‌ವೈಸರಿಗೆ ಒಂದೇ ಆಸ್ಪತ್ರೆ. ದೊಡ್ಡ ಆಸ್ಪತ್ರೆಯಾದರೆ ಇಬ್ಬರು ಸೂಪರ್‌ವೈಸರ್, ಆದರೆ ಇಬ್ಬರದೂ ಅದೇ ಸಭೆ. ಪಂಚಾಯತಿ ಒಡೆದುಹೋದರೆ ಹೋಗಲಿ.

ಹುದ್ದೆ ಹೆಚ್ಚಿಸುವ ಅಧಿಕಾರ ನಮಗೆ ಇರಲಿಲ್ಲ, ಅದು ಸರ್ಕಾರದ ಮಾತು. ಇದ್ದ ಹುದ್ದೆಗಳೊಳಗೇ ಕೇಂದ್ರಗಳನ್ನು ಅದಲುಬದಲು ಮಾಡುವ ಪ್ರಸ್ತಾವನೆ ಬರೆದು, ಬಿಂದಿ ನಕಾಶೆಯ ಫೋಟೋ ಲಗತ್ತಿಸಿ ಉಪನಿರ್ದೇಶಕರಿಗೆ ಕಳಿಸಿದೆ. ಒಪ್ಪಿಗೆ ಬಂತು. ಬರುವಷ್ಟರಲ್ಲಿ ಶಿಫಾರಸು ಫೋನುಗಳೂ ಬಂದವು. ಹೆದ್ದಾರಿ ಪಕ್ಕದ ಸರ್ಕಲ್ ಎಲ್ಲರಿಗೂ ಬೇಕು. ಬೆಂಗಳೂರು ಬಸ್ಸು ಅಲ್ಲೇ ನಿಲ್ಲುತ್ತದೆ ನೋಡಿ.

ಒಂದು ತಪ್ಪು ನಾನು ಮುಂಚೆ ಯೋಚಿಸಬೇಕಿತ್ತು. ಗಡಿಯ ಊರುಗಳಲ್ಲಿ ಮನೆಮಾತು ತೆಲುಗು. ನಾನು ಆ ಕಡೆಗೆ ಹಾಕಿದ ಸೂಪರ್‌ವೈಸರ್ ಶಿವಮೊಗ್ಗ ಕಡೆಯವರು, ಕೆಲಸದಲ್ಲಿ ಚುರುಕು, ತೆಲುಗು ಒಂದಕ್ಷರ ಬಾರದು. ಮೊದಲ ಭೇಟಿಯಲ್ಲಿ ಒಬ್ಬ ತಾಯಿಗೆ ಮಗು ಏನು ತಿನ್ನುತ್ತದೆ ಎಂದು ಕೇಳಿದರು. ಆಕೆ ತಲೆ ಆಡಿಸಿದಳು. ಚೆನ್ನಾಗಿ ತಿನ್ನುತ್ತದೆ ಎಂದು ಬರೆದುಕೊಂಡರು. ಅಲ್ಲೇ ಇದ್ದ ಹೆಲ್ಪರ್ ಅಮ್ಮ "ಏಮಮ್ಮಾ, ಪಾಪ ಅನ್ನಂ ತಿಂಟುಂದಾ?" ಅಂತ ಮತ್ತೆ ಕೇಳಿದ ಮೇಲೆ, ಮಗುವಿಗೆ ವಾರದಿಂದ ಭೇದಿ ಎಂದು ಗೊತ್ತಾಯಿತು. ಮುಂದಿನ ತಿಂಗಳು ಅವರನ್ನು ಬದಲಿಸುವ ಮಾತು ಬಂತು. ಅವರೇ ಬೇಡ ಅಂದರು. ಆರು ತಿಂಗಳಲ್ಲಿ ನನಗಿಂತ ಚೆನ್ನಾಗಿ ತೆಲುಗು ಮಾತಾಡುತ್ತಿದ್ದರು.

ಇನ್ನೊಂದು ತಾಪತ್ರಯ ಮೊಬೈಲಿನದು. 2021ರಿಂದ ಮಕ್ಕಳ ತೂಕ, ಹಾಜರಿ ಎಲ್ಲ ಪೋಷಣ್ ಟ್ರ್ಯಾಕರ್ ಎಂಬ ಆ್ಯಪ್‌ಗೆ ಹೋಗುತ್ತದೆ. ನಾವು ಆದೇಶದಲ್ಲಿ ಸರ್ಕಲ್ ಬದಲಿಸಿದೆವು, ಆ್ಯಪ್‌ನಲ್ಲಿ ಹಳೇ ಸೂಪರ್‌ವೈಸರ್ ಹೆಸರೇ ಉಳಿಯಿತು. ಹೊಸಬರಿಗೆ ಕೇಂದ್ರ ಕಾಣಿಸುವುದಿಲ್ಲ, ಹಳಬರು ನೋಡುವುದಿಲ್ಲ. ಎರಡು ತಿಂಗಳು ವರದಿ ಎಲ್ಲೋ ಒಂದು ಕಡೆ ತೇಲುತ್ತಿತ್ತು. ಯಾರಾದರೂ ಈ ಕೆಲಸಕ್ಕೆ ಕೈಹಾಕುವವರಿದ್ದರೆ ಕೇಳಿ: ಆ್ಯಪ್‌ನಲ್ಲಿ ಬದಲಾಗಿದೆ ಎಂದು ಕಣ್ಣಾರೆ ನೋಡಿದ ಮೇಲೆ ಆದೇಶದ ತಾರೀಕು ಹಾಕಿ, ಅದೂ ತಿಂಗಳ ಒಂದನೇ ತಾರೀಕು. ನಡುತಿಂಗಳಲ್ಲಿ ಬೇಡ, ಆಹಾರದ ಲೆಕ್ಕ ಎರಡು ತುಂಡಾಗುತ್ತದೆ.

ಕಚೇರಿಯ ಒಳಗಿನ ಕಥೆ ಇನ್ನೂ ಇದೆ. 2023ರ ಆಗಸ್ಟ್‌ನಲ್ಲಿ ಗೃಹಲಕ್ಷ್ಮಿ ಶುರುವಾದ ಮೇಲೆ ನಮ್ಮ ಬಾಗಿಲು ಮುಚ್ಚಲು ಆಗುತ್ತಿರಲಿಲ್ಲ. ತಿಂಗಳಿಗೆ 2,000 ರೂಪಾಯಿ. ಬರದಿದ್ದರೆ ಹೆಂಗಸರು ಎಲ್ಲಿಗೆ ಹೋಗಬೇಕು? ನಮ್ಮಲ್ಲಿಗೇ. ಬ್ಯಾಂಕ್ ಖಾತೆಗೆ ಆಧಾರ್ ಕೂಡಿಲ್ಲ, ರೇಷನ್ ಕಾರ್ಡಿನಲ್ಲಿ ಅತ್ತೆ ಯಜಮಾನಿ, ಹೆಸರಿನಲ್ಲಿ ಒಂದಕ್ಷರ ಹೆಚ್ಚುಕಮ್ಮಿ. ತಪ್ಪಿಲ್ಲ, ಅವರ ಹಕ್ಕು. ಆದರೆ ಅಂಗನವಾಡಿ ಫೈಲು ನೋಡಬೇಕಾದ ಮೂವರೂ ಅದೇ ಕೆಲಸದಲ್ಲಿ ಮುಳುಗಿದರು. ಹೊರಗಿನ ವರಾಂಡದಲ್ಲಿ ಒಂದು ಮೇಜು, ಒಂದು ಕಂಪ್ಯೂಟರ್ ಹಾಕಿ ಒಬ್ಬರನ್ನು ಬರೀ ಅದಕ್ಕೇ ಕೂರಿಸಿದೆ. ಒಳಗಿನ ಬಾಗಿಲಿಗೆ ಪರದೆ. ಆ ಪರದೆ ನಾನು ಮಾಡಿದ ದೊಡ್ಡ ಸುಧಾರಣೆ ಎಂದು ಕಚೇರಿಯಲ್ಲಿ ಈಗಲೂ ನಗುತ್ತಾರೆ.

ಅದೇ ಉತ್ಸಾಹದಲ್ಲಿ ಒಳಗೂ ಮೇಜು ಬದಲಿಸಿದೆ. ಮೊದಲು ಯೋಜನೆಗೊಂದು ಮೇಜು: ಆಹಾರದ್ದು ಒಬ್ಬರು, ಕಟ್ಟಡದ್ದು ಒಬ್ಬರು, ಭಾಗ್ಯಲಕ್ಷ್ಮಿ ಬಾಂಡ್ ಇನ್ನೊಬ್ಬರು. ಒಬ್ಬ ವರ್ಕರ್ ಬಂದರೆ ನಾಲ್ಕು ಮೇಜು ಸುತ್ತಬೇಕು. ಸರ್ಕಲ್‌ಗೊಂದು ಮೇಜು ಮಾಡೋಣ, ಒಬ್ಬರೇ ಎಲ್ಲ ನೋಡಲಿ ಅಂದೆ. ಕೇಳಲು ಚೆಂದ. ಮೊದಲ ತಿಂಗಳಲ್ಲೇ ಒಬ್ಬರು ರಜೆ ಹಾಕಿದರು, ಅವರ ಸರ್ಕಲ್‌ಗಳ ತರಕಾರಿ ಮತ್ತು ಮೊಟ್ಟೆ ಬಿಲ್ಲು ನಿಂತುಹೋಯಿತು. ವರ್ಕರ್‌ಗಳು ಕೈಯಿಂದ ಹಾಕಿ ಮೊಟ್ಟೆ ತಂದರು. ಬಡವರ ಕೈಯಿಂದ! ನನಗೆ ನಾಚಿಕೆಯಾಯಿತು. ಆಹಾರ ಮತ್ತು ಸಂಬಳದ ಬಿಲ್ಲುಗಳನ್ನು ಮತ್ತೆ ಒಂದೇ ಮೇಜಿಗೆ ತಂದೆ, ಅದಕ್ಕೆ ಇಬ್ಬರು ಕಲಿತಿರಬೇಕು ಎಂದು ಬರೆದಿಟ್ಟೆ. ಉಳಿದದ್ದು ಸರ್ಕಲ್ ಮೇಜಿನಲ್ಲೇ ಉಳಿಯಿತು.

ಕೂಸಿನ ಮನೆ ನಮ್ಮ ಕೈಯಲ್ಲಿಲ್ಲ. 2023ರ ಬಜೆಟ್‌ನಲ್ಲಿ ಹೇಳಿದ್ದು ಅದು, ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗೆ. ನಡೆಸುವುದು ಪಂಚಾಯತ್ ರಾಜ್ ಇಲಾಖೆ. ಮಗು ಹಗಲು ಅಲ್ಲಿರುತ್ತದೆ, ಅದರ ಪುಷ್ಟಿ ಪೊಟ್ಟಣ ನಮ್ಮಿಂದ ಮನೆಗೆ ಹೋಗುತ್ತದೆ, ಲಸಿಕೆ ಆರೋಗ್ಯ ಇಲಾಖೆಯದು. ಇಲಾಖೆಗಳನ್ನು ಒಂದು ಮಾಡುವುದು ನಮ್ಮ ಮಟ್ಟದ ಮಾತಲ್ಲ. ಮಾಡಬಹುದಾದದ್ದು ಇಷ್ಟೇ: ಮೂರೂ ಪುಸ್ತಕದಲ್ಲಿ ತಾಯಿ ಕಾರ್ಡ್ ನಂಬರು ಬರೆಯುವುದು, ತೂಕ ಅಂಗನವಾಡಿಯ ತಕ್ಕಡಿಯಲ್ಲಿ ಮಾತ್ರ, ಆ ದಿನ ಮೂವರೂ ಅಲ್ಲಿರುವುದು. ಕೂಸಿನ ಮನೆಯ ಆಯಾ ಮೊದಲ ಸಲ ಬಂದಾಗ ಕೇಳಿದಳು, "ಅಕ್ಕಾ, ಹಾಗಾದರೆ ನಾನು ಅಂದಾಜು ಬರೆಯೋದು ಬೇಡವಾ?" ಪಾಪ, ಅವಳಿಗೆ ತಕ್ಕಡಿಯನ್ನೇ ಯಾರೂ ಕೊಟ್ಟಿರಲಿಲ್ಲ.

ಆ ಹೆಣ್ಣುಮಗುವನ್ನು ಆಗ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಸೇರಿಸಿದೆವು. 14 ದಿನ ಅಲ್ಲೇ ಇರಬೇಕು. ತಾಯಿಗೆ ಕೂಲಿ ನಷ್ಟಕ್ಕೆ ಹಣ ಕೊಡುತ್ತಾರೆ, ಆದರೂ ಟೊಮೆಟೊ ಕೀಳುವ ಕಾಲ, ಮನೆಯಲ್ಲಿ ಇನ್ನೆರಡು ಮಕ್ಕಳು. ಒಂಬತ್ತನೇ ದಿನಕ್ಕೆ ಹೊರಟುಬಿಟ್ಟಳು. ಉಳಿದದ್ದನ್ನು ವರ್ಕರ್ ಮನೆಗೆ ಹೋಗಿ ನೋಡಿಕೊಂಡಳು. ಮೂರು ತಿಂಗಳ ಮೇಲೆ ತೋಳಿನ ಪಟ್ಟಿ ಕೆಂಪಿನಿಂದ ಹಳದಿಗೆ ಬಂತು.

ನಾನು ಅಲ್ಲಿಂದ ವರ್ಗವಾಗುವಾಗ ಹೊಸ ನಕಾಶೆಯಲ್ಲಿ ಎರಡು ಬಿಂದಿ ಹಾಗೇ ಇದ್ದವು. ಎರಡೂ ಬೆಟ್ಟದ ಹಿಂದಿನ ಊರುಗಳು. ನಮ್ಮ ತಾಲ್ಲೂಕಿನ ಆಸ್ಪತ್ರೆಗಿಂತ ಪಕ್ಕದ ತಾಲ್ಲೂಕಿನ ಆಸ್ಪತ್ರೆ ಅವಕ್ಕೆ ಹತ್ತಿರ. ಅವುಗಳನ್ನು ಆ ಕಡೆಗೆ ಕೊಡಬೇಕೆಂದು ಬರೆದ ಪ್ರಸ್ತಾವನೆಯ ಪ್ರತಿ ಫೈಲಿನಲ್ಲಿದೆ. ನನ್ನ ನಂತರ ಬಂದವರಿಗೆ ಚಾರ್ಜ್ ಕೊಡುವಾಗ ಆ ಫೈಲನ್ನು ಎಲ್ಲದರ ಮೇಲಿಟ್ಟು ಕೊಟ್ಟೆ.