ಹೂಗಿಡಕ್ಕೆ ಹುಳ ಬಿದ್ರೆ ವಿಷ ಹೊಡೆಯೋಕೆ ಮುಂಚೆ ಇದನ್ನ ಮಾಡಿ ನೋಡಿ

ಗಿಡದಲ್ಲಿ ಹುಳ ಕಂಡ ತಕ್ಷಣ ಸ್ಪ್ರೇ ಬಾಟಲ್ ಹುಡುಕ್ಬೇಡಿ, ಮೊದ್ಲು ಎಲೆ ತಿರುಗಿಸಿ ಅಡಿಭಾಗ ನೋಡಿ, ರಸ ಹೀರೋ ಕೀಟಗಳು ಜಾಸ್ತಿ ಅಡಗಿರೋದು ಅಲ್ಲೇ. ಎಳೆ ಚಿಗುರು, ಮೊಗ್ಗಿನ ತೊಟ್ಟಿನ ಹತ್ರ ಹಸಿರೋ ಕಪ್ಪೋ ಸಣ್ಣ ಹುಳ ಗುಂಪು ಕಟ್ಕೊಂಡು ಕೂತಿದ್ರೆ ಅದು ಸಸ್ಯಹೇನು, ಅಂದ್ರೆ ಏಫಿಡ್ಸ್. ಬಿಳೀ ಹತ್ತಿ ಥರ ಅಂಟ್ಕೊಂಡಿದ್ರೆ ಹಿಟ್ಟು ತಿಗಣೆ, ದಾಸವಾಳಕ್ಕೆ ಇದರ ಕಾಟ ಜಾಸ್ತಿ. ಗಿಡ ಅಲ್ಲಾಡಿಸಿದ್ರೆ ಪುರ್ ಅಂತ ಏಳೋದು ಬಿಳಿ ನೊಣ.

ಹೇನಿಗೆ ಬರೀ ನೀರು ಸಾಕು ಅಂದ್ರೆ ಸುಮಾರು ಜನ ನಂಬಲ್ಲ, ಆದ್ರೆ ಚಿಗುರನ್ನ ಒಂದು ಕೈಲಿ ಹಿಡ್ಕೊಂಡು ಪೈಪಲ್ಲಿ ಜೋರಾಗಿ ನೀರು ಬಿಟ್ರೆ ಉದುರಿ ಹೋಗ್ತವೆ, ಬಿದ್ದಿದ್ರಲ್ಲಿ ಹೆಚ್ಚಿನವು ಮತ್ತೆ ಗಿಡ ಹತ್ತಲ್ಲ. ಒಂದೇ ಸಲಕ್ಕೆ ಬಿಡಬಾರ್ದು ಅಷ್ಟೇ, ಇವು ಗಂಡಿನ ಸಹವಾಸ ಇಲ್ದೇನೇ ಮರಿ ಹಾಕ್ತವೆ, ಉಳಿದ ನಾಲ್ಕೇ ಹೇನು ಮತ್ತೆ ಚಿಗುರು ತುಂಬಿಸಿಬಿಡ್ತವೆ, ಅದಕ್ಕೆ 2-3 ದಿನಕ್ಕೊಂದ್ಸಲ ಮಾಡ್ತಾ ಇರಿ. ಹಿಟ್ಟು ತಿಗಣೆ ಮೈಮೇಲೆ ಮೇಣ ಇರೋದ್ರಿಂದ ಬರೀ ನೀರಿಗೆ ಬಗ್ಗಲ್ಲ, ಹತ್ತಿ ಕಡ್ಡಿನ ಸ್ಪಿರಿಟ್‌ನಲ್ಲಿ ಅದ್ದಿ ಒಂದೊಂದೇ ಒರೆಸಿ, ತೀರಾ ತುಂಬಿರೋ ಕೊಂಬೆ ಕತ್ತರಿಸಿ ಕವರ್‌ಗೆ ಕಟ್ಟಿ ಹಾಕಿ.

ಇಷ್ಟಕ್ಕೂ ಬಗ್ಗದಿದ್ರೆ ಬೇವಿನ ಎಣ್ಣೆ. 1 ಲೀಟರ್ ಉಗುರುಬೆಚ್ಚಗಿನ ನೀರಿಗೆ 5 ಎಂಎಲ್ ಎಣ್ಣೆ, ಎಣ್ಣೆ ನೀರು ಬೆರೀಲಿ ಅಂತ 1-2 ಎಂಎಲ್ ಲಿಕ್ವಿಡ್ ಸೋಪು, ಬಟ್ಟೆ ಒಗೆಯೋ ಪೌಡರ್ ಮಾತ್ರ ಹಾಕ್ಬೇಡಿ ಎಲೆ ಸುಡುತ್ತೆ. ಮೊದ್ಲು ಒಂದೆರಡು ಎಲೆಗೆ ಹೊಡೆದು ಒಂದು ದಿನ ಕಾದು ನೋಡಿ, ಆಮೇಲೆ ಸಂಜೆ ಹೊತ್ತು ಎಲೆ ಅಡಿಗೆ ಚೆನ್ನಾಗಿ ಬೀಳೋ ಹಾಗೆ ಹೊಡೀರಿ. ಬಿಸಿಲಲ್ಲಿ ಹೊಡೆದ್ರೆ ಎಲೆನೂ ಸುಡುತ್ತೆ, ಬೇವಿನ ಸತ್ವಾನೂ ಬೇಗ ಹಾಳಾಗುತ್ತೆ. ಅರಳಿದ ಹೂವಿನ ಮೇಲಂತೂ ಖಂಡಿತ ಬೇಡ, ಜೇನುಹುಳ ಬಂದು ಕೂರೋದು ಅಲ್ಲೇ. ಮಾರನೇ ದಿನವೇ ಹುಳ ಸತ್ತಿಲ್ಲ ಅಂತ ಡೋಸ್ ಜಾಸ್ತಿ ಮಾಡ್ಬೇಡಿ, ಬೇವು ಹುಳದ ಹಸಿವನ್ನ, ಬೆಳವಣಿಗೆಯನ್ನ ನಿಲ್ಲಿಸುತ್ತೆ, ಅದಕ್ಕೆ ಟೈಮ್ ಬೇಕು, 7 ದಿನ ಬಿಟ್ಟು ಇನ್ನೊಂದ್ಸಲ ಹೊಡೀರಿ.

ನಂಗೆ ನಿಜವಾಗ್ಲೂ ಹೊಟ್ಟೆ ಉರಿಯೋ ವಿಷ್ಯ ಒಂದಿದೆ. ಮೈತುಂಬ ಸಣ್ಣ ಮುಳ್ಳಿನ ಹಾಗಿರೋ, ಕಪ್ಪು ಮೈಮೇಲೆ ಕಿತ್ತಳೆ ಚುಕ್ಕೆ ಇರೋ ಒಂದು ಹುಳ ಹೇನಿನ ಮಧ್ಯೆ ಓಡಾಡ್ತಿರುತ್ತೆ, ಜನ ಹೆದ್ರಿ ಅದನ್ನೇ ಮೊದ್ಲು ಸಾಯಿಸ್ತಾರೆ. ಅದು ಗುಲಗಂಜಿ ಹುಳದ ಮರಿ ಕಣ್ರೀ, ಲೇಡಿಬರ್ಡ್ ಅಂತೀವಲ್ಲ ಅದರದ್ದು, ನೂರಾರು ಹೇನು ತಿನ್ನುತ್ತೆ! ಅದು ಕಂಡ ಗಿಡಕ್ಕೆ ಏನೂ ಹೊಡೀದೆ ಒಂದು ವಾರ ಬಿಟ್ಬಿಡಿ.

ಇರುವೆ ಸಾಲು ಕಾಂಡ ಹತ್ತುತ್ತಿದ್ರೆ ಅದನ್ನ ಮಾತ್ರ ತಡೀಲೇಬೇಕು, ಹೇನು ಬಿಡೋ ಸಿಹಿ ಅಂಟಿನ ಆಸೆಗೆ ಇರುವೆಗಳು ಗುಲಗಂಜಿ ಹುಳಾನ ಓಡಿಸ್ತವೆ. ಕಾಂಡದ ಬುಡಕ್ಕೆ ಟೇಪ್ ಸುತ್ತಿ ಅದರ ಮೇಲೆ ವ್ಯಾಸಲೀನ್ ಬಳಿದ್ರೆ ದಾಟಲ್ಲ. ಬಿಳಿ ನೊಣಕ್ಕೆ ಹಳದಿ ಅಂಟು ಕಾರ್ಡ್ ಗಿಡದ ಎತ್ತರಕ್ಕೆ ಕಟ್ಟಿ. ಮತ್ತೆ ಹುಳ ಇರೋವಷ್ಟು ದಿನ ಯೂರಿಯಾ ಥರದ ಸಾರಜನಕ ಗೊಬ್ಬರ ನಿಲ್ಸಿ, ಅದರಿಂದ ಬರೋ ಮೆತ್ತನೆ ಚಿಗುರೇ ಹೇನಿಗೆ ಇಷ್ಟ.