‘ನಂದು ಬಿ ಬಂತು, ನಿಂದೇನು?’: ಸಿಇಟಿ ಗಣಿತ ಮುಗಿದ ಮೇಲೆ ನಾವು ಉತ್ತರ ಹೋಲಿಸಿದ್ದು

ಸಿಇಟಿ ಗಣಿತ ಪೇಪರ್ ಮುಗಿದು ಗೇಟು ತೆರೆದ ಕೂಡಲೇ ಕಿವಿಗೆ ಬೀಳುವ ಮೊದಲ ಮಾತು ಯಾವ ವರ್ಷವೂ ಬದಲಾಗಿಲ್ಲ. ‘ಹನ್ನೆರಡನೇದು ನಂದು ಬಿ ಬಂತು, ನಿಂದೇನಲೇ?’ ‘ನಂದು ಡಿ.’ ಅಷ್ಟೇ, ಇಬ್ಬರ ಮುಖವೂ ಬಾಡುತ್ತದೆ. ಇಬ್ಬರ ವರ್ಷನ್ ಕೋಡ್ ಬೇರೆ, ಒಬ್ಬನ ಹನ್ನೆರಡನೇ ಪ್ರಶ್ನೆ ಇನ್ನೊಬ್ಬನ ಪುಸ್ತಿಕೆಯಲ್ಲಿ ನಲವತ್ತೊಂದನೇದೋ ಐವತ್ತನೇದೋ ಆಗಿರುತ್ತದೆ ಅನ್ನೋದು ಆ ಗಡಿಬಿಡಿಯಲ್ಲಿ ಯಾರಿಗೂ ಹೊಳೆಯುವುದಿಲ್ಲ. ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಯಿಂದ ಧಾರವಾಡ ಮುಟ್ಟುವವರೆಗೂ ಇದೇ ನಡೆಯುತ್ತದೆ.

ನಾನು ಧಾರವಾಡದ ಸಪ್ತಾಪುರದಲ್ಲಿ ಒಂದು ಬಾಡಿಗೆ ರೂಮಿನಲ್ಲಿ ಪಿಯುಸಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ದೊಡ್ಡ ಕೋಚಿಂಗ್ ಸೆಂಟರ್ ಏನಲ್ಲ, ಹತ್ತು ಹನ್ನೆರಡು ಮಕ್ಕಳು, ಗದಗ, ಹಾವೇರಿ, ಶಿಗ್ಗಾವಿ ಕಡೆಯಿಂದ ಬಂದು ಇಲ್ಲೇ ಪಿಜಿಯಲ್ಲಿ ಇರುವವರೇ ಜಾಸ್ತಿ. ನಾನು ಸಿಇಟಿ ಬರೆದ ಕಾಲದಲ್ಲಿ ಗೇಟಿನ ಹತ್ತಿರವೇ ನಿಂತು ಹೋಲಿಸಿ, ಒಂಬತ್ತು ತಪ್ಪು ಅಂತ ಗೆಳೆಯರಿಂದ ಹೇಳಿಸಿಕೊಂಡು, ರಾತ್ರಿಯೆಲ್ಲ ನಿದ್ದೆಗೆಟ್ಟು ಮರುದಿನದ ಫಿಜಿಕ್ಸನ್ನು ಪೂರಾ ಕೆಡಿಸಿಕೊಂಡಿದ್ದೆ. ಕೀ ಉತ್ತರ ಬಂದಾಗ ನೋಡಿದರೆ ಆ ಒಂಬತ್ತರಲ್ಲಿ ಆರು ಸರಿ ಇದ್ದವು. ಆ ಸಿಟ್ಟು ಇನ್ನೂ ಇಳಿದಿಲ್ಲ ಅನ್ನಿ.

ಅದಕ್ಕೇ 2024ರಲ್ಲಿ ಮಕ್ಕಳಿಗೆ ಮೊದಲೇ ಹೇಳಿದ್ದೆ. ಏಪ್ರಿಲ್ 18ಕ್ಕೆ ಬೆಳಿಗ್ಗೆ ಬಯಾಲಜಿ, ಮಧ್ಯಾಹ್ನ ಎರಡೂವರೆಗೆ ಗಣಿತ. 19ಕ್ಕೆ ಫಿಜಿಕ್ಸ್, ಕೆಮಿಸ್ಟ್ರಿ. 18ರ ರಾತ್ರಿ ಗಣಿತದ ಮಾತೇ ಬೇಡ. ಆದರೆ ಒಂದು ಕೆಲಸ ಮಾತ್ರ ಆ ದಿನವೇ ಆಗಬೇಕು: ರೂಮಿಗೆ ಹೋದ ಕೂಡಲೇ, ಯಾರ ಜೊತೆಗೂ ಮಾತಾಡುವ ಮೊದಲು, ಪ್ರಶ್ನೆ ಪುಸ್ತಿಕೆ ತೆಗೆದು 60 ಪ್ರಶ್ನೆಗಳ ಮುಂದೂ ಒಂದೊಂದು ಗುರುತು ಹಾಕಿ ಅಂದೆ. ಪಕ್ಕಾ ಗೊತ್ತಿದ್ದು ಬರೆದದ್ದಕ್ಕೆ ರೈಟ್, ಡೌಟ್ ಇದ್ದದ್ದಕ್ಕೆ ಚುಕ್ಕಿ, ಅಂದಾಜಿಗೆ ಹೊಡೆದದ್ದಕ್ಕೆ ಸೊನ್ನೆ. ಸಿಇಟಿಯಲ್ಲಿ ನೆಗೆಟಿವ್ ಮಾರ್ಕ್ಸ್ ಇಲ್ಲ, 80 ನಿಮಿಷದಲ್ಲಿ 60 ಪ್ರಶ್ನೆ, ಹಾಗಾಗಿ ಕೊನೆಯ ಐದು ನಿಮಿಷದಲ್ಲಿ ಎಲ್ಲರೂ ಖಾಲಿ ಗೋಲಗಳನ್ನೆಲ್ಲ ತುಂಬಿಯೇ ಬರುತ್ತಾರೆ. ಮರುದಿನ ಕೇಳಿದರೆ ಅಂದಾಜಿಗೆ ಹೊಡೆದದ್ದೂ ‘ಗೊತ್ತಿತ್ತು ಸರ್’ ಆಗಿಬಿಟ್ಟಿರುತ್ತದೆ. ಮನಸ್ಸಿನ ಆಟ ಅದು, ನಾನೂ ಆಡಿದ್ದೇನೆ.

19ರ ಸಂಜೆ ಕೆಮಿಸ್ಟ್ರಿ ಮುಗಿಸಿಕೊಂಡು ಒಬ್ಬೊಬ್ಬರೇ ಬಂದರು. ಹೊರಗೆ ಎಲೆಕ್ಷನ್ ಪ್ರಚಾರದ ಗಾಡಿ ಒದರುತ್ತಿತ್ತು, ಒಳಗೆ ಫ್ಯಾನು ಬಿಸಿ ಗಾಳಿ ಬೀಸುತ್ತಿತ್ತು. ಗಿರ್ಮಿಟ್, ಮಿರ್ಚಿ ತರಿಸಿದ್ದೆ. ಖಾಲಿ ಹೊಟ್ಟೆಯಲ್ಲಿ ತಪ್ಪು ಎಣಿಸಬಾರದು ನೋಡಿ.

ಗೋಡೆಗೆ ಪುಸ್ತಕಕ್ಕೆ ಹಾಕುವ ಖಾಕಿ ಬೈಂಡಿನ ಕಾಗದ ಅಂಟಿಸಿ 60 ಸಾಲು ಗೆರೆ ಹೊಡೆದಿದ್ದೆ. ಒಬ್ಬ ಹುಡುಗಿಯ ಪುಸ್ತಿಕೆಯ ಕ್ರಮವನ್ನೇ ಎಲ್ಲರೂ ಹಿಡಿಯುವುದು, ಉಳಿದವರು ತಮ್ಮ ಪುಸ್ತಿಕೆಯಲ್ಲಿ ಆ ಪ್ರಶ್ನೆ ಎಲ್ಲಿದೆ ಹುಡುಕಿ ನಂಬರ್ ಬರೆದುಕೊಳ್ಳುವುದು. ಇದಕ್ಕೇ ಮುಕ್ಕಾಲು ತಾಸು ಹೋಯಿತು, ಬೇಜಾರಿನ ಕೆಲಸ. ಆಮೇಲೆ ಹಾಳೆಯ ಮೇಲೆ ಎ, ಬಿ, ಸಿ, ಡಿ ಬರೆಯೋದಕ್ಕೆ ಬಿಡಲಿಲ್ಲ. ಉತ್ತರ 40 ಆದರೆ 40 ಅಂತಲೇ ಬರೆಯಬೇಕು. ಅಕ್ಷರ ಹೋಲಿಸಿದರೆ ಜಗಳ, ಬೆಲೆ ಹೋಲಿಸಿದರೆ ಗಣಿತ.

ಎಲ್ಲರದೂ ಒಂದೇ ಬಂದ ಸುಲಭದ ಪ್ರಶ್ನೆಗಳನ್ನು ಹಾಗೇ ದಾಟಿಸಿದೆವು. ಬೇರೆ ಬೇರೆ ಬಂದ ಕಡೆ ನಾನು ಇಟ್ಟ ಷರತ್ತು ಒಂದೇ: ಯಾರ ಉತ್ತರ ಒಂಟಿಯಾಗಿದೆಯೋ ಅವರೇ ಮೊದಲು ಬೋರ್ಡಿಗೆ ಬಂದು ಬಿಡಿಸಿ ತೋರಿಸಬೇಕು. ಪೇಪರಿನ ಪ್ರಶ್ನೆಯನ್ನೇ ಇಲ್ಲಿ ಬರೆಯುತ್ತಿಲ್ಲ, ಅದೇ ತರಹದ್ದು ಹೇಳುತ್ತೇನೆ. ಸೈನ್ ಇನ್ವರ್ಸ್ ಆಫ್ ಸೈನ್ 2 ಪೈ ಬೈ 3 ಎಷ್ಟು? ಹೆಚ್ಚುಕಡಿಮೆ ಎಲ್ಲರೂ 2 ಪೈ ಬೈ 3 ಅಂತ ಬರೆಸಿದರು. ಗದಗದ ಹುಡುಗಿ ಒಬ್ಬಳದು ಮಾತ್ರ ಪೈ ಬೈ 3. ಅವಳು ಹಾಳೆ ನೋಡಿದ್ದೇ ತನ್ನದನ್ನು ಹೊಡೆದು ಹಾಕಲು ಎದ್ದಳು.

‘ಯಾಕವಾ, ಯಾಕ ಹೊಡದು ಹಾಕ್ತಿ?’
‘ಎಲ್ಲಾರದೂ ಬ್ಯಾರೆ ಐತಲ್ರಿ ಸರ್.’
‘ನೀ ಹೆಂಗ ಮಾಡಿದಿ ಅದನ್ನ ಹೇಳು.’

ಅವಳು ಮೆಲ್ಲಗೆ ಶುರು ಮಾಡಿದಳು. ಸೈನ್ ಇನ್ವರ್ಸ್ ಉತ್ತರ ಮೈನಸ್ 90 ಡಿಗ್ರಿಯಿಂದ 90ರ ಒಳಗೇ ಇರಬೇಕು. 2 ಪೈ ಬೈ 3 ಅಂದರೆ 120 ಡಿಗ್ರಿ, ಆ ಗಡಿಯ ಹೊರಗೆ. ಸೈನ್ 120ಕ್ಕೂ ಸೈನ್ 60ಕ್ಕೂ ಬೆಲೆ ಒಂದೇ, ಹಾಗಾಗಿ 60, ಅಂದರೆ ಪೈ ಬೈ 3. ರೂಮಿನಲ್ಲಿ ಯಾರೂ ಉಸಿರೆತ್ತಲಿಲ್ಲ. ಆಮೇಲೆ ಹಿಂದಿನಿಂದ ಒಬ್ಬ ‘ಅಯ್ಯೋ ಹೋತಲ್ಲೋ’ ಅಂದ. ಬಹುಮತದಿಂದ ಪಂಚಾಯ್ತಿ ಅಧ್ಯಕ್ಷರನ್ನು ಆರಿಸಬಹುದು, ಕೋನವನ್ನು ಆರಿಸೋಕೆ ಆಗಲ್ಲ ಅಲ್ವಾ.

ಇನ್ನೊಂದು ಕಡೆ ಅರ್ಧ ಜನ 100, ಅರ್ಧ ಜನ 1600. ಮೂರನೇ ದರ್ಜೆಯ ಮ್ಯಾಟ್ರಿಕ್ಸ್ ಎ, ಅದರ ಡಿಟರ್ಮಿನೆಂಟ್ 5, ಅಡ್ಜಾಯಿಂಟ್ ಆಫ್ 2ಎ ಇದರ ಡಿಟರ್ಮಿನೆಂಟ್ ಎಷ್ಟು ಅನ್ನೋ ಜಾತಿಯ ಪ್ರಶ್ನೆ. ಮೂರನೇ ದರ್ಜೆಯಲ್ಲಿ 2ಎ ಡಿಟರ್ಮಿನೆಂಟಿನ ವರ್ಗವೇ ಉತ್ತರ. 2ನ್ನು ಒಂದೇ ಸಲ ಹೊರಗೆ ತೆಗೆದವರಿಗೆ 10 ಬಂತು, ಅದರ ವರ್ಗ 100. ಆದರೆ ಮೂರು ಸಾಲಿನಿಂದಲೂ ಒಂದೊಂದು 2 ಹೊರಗೆ ಬರುತ್ತದೆ, ಅಂದರೆ 8 ಇಂಟು 5, 40. ಅದರ ವರ್ಗ 1600. ಪ್ರಶ್ನೆ ತೆಗೆಯುವವರಿಗೆ ನಮ್ಮ ಮಕ್ಕಳು ಎಲ್ಲಿ ಎಡವುತ್ತಾರೆ ಅಂತ ಚೆನ್ನಾಗಿ ಗೊತ್ತು. 100 ಕೂಡ ಆಯ್ಕೆಯಲ್ಲಿ ಇಟ್ಟೇ ಇಟ್ಟಿರುತ್ತಾರೆ. ನಿಮ್ಮ ಉತ್ತರ ಆಯ್ಕೆಯಲ್ಲಿದೆ ಅಂದ ಮಾತ್ರಕ್ಕೆ ಸರಿ ಅಂತಲ್ಲ.

ನನ್ನ ಮಾನವೂ ಹೋಯಿತು. ಎಕ್ಸ್ ಇಂಟು ಮಾಡ್ ಎಕ್ಸ್ ಸೊನ್ನೆಯಲ್ಲಿ ಡಿಫರೆನ್ಶಿಯಬಲ್ ಹೌದೋ ಅಲ್ಲವೋ ಅಂತ ಮಾತು ಬಂದಾಗ ನಾನು ಮಿರ್ಚಿ ಕಚ್ಚುತ್ತಾ ‘ಮಾಡ್ ಐತಿ, ಅಲ್ಲ’ ಅಂದುಬಿಟ್ಟೆ. ಸರ್ ಹೇಳಿದ ಮೇಲೆ ಮುಗೀತು, ಎಲ್ಲರೂ ‘ಅಲ್ಲ’ ಅಂತ ತಿದ್ದಿಕೊಂಡರು. ಹಾವೇರಿ ಕಡೆಯ ಹುಡುಗ ಮಾತ್ರ ಪೆನ್ನು ಕೆಳಗಿಟ್ಟು ಕೂತ. ‘ಸರ್, ಎಡಕ್ಕ ಮೈನಸ್ ಎಕ್ಸ್ ಸ್ಕ್ವೇರ್, ಬಲಕ್ಕ ಎಕ್ಸ್ ಸ್ಕ್ವೇರ್ ಅಲ್ರಿ. ಎರಡೂ ಕಡೆ ಸ್ಲೋಪ್ ಸೊನ್ನೆನ ಬರತೈತಿ.’ ಸರಿ ಇತ್ತು. ಮೂಲೆ ಇರುವುದು ಬರೀ ಮಾಡ್ ಎಕ್ಸ್‌ಗೆ, ಪಕ್ಕದಲ್ಲಿ ಎಕ್ಸ್ ಬಂದು ನಿಂತರೆ ಆ ಮೂಲೆ ಸವೆದು ಹೋಗುತ್ತದೆ. ಅವತ್ತಿನಿಂದ ನಾನು ಎಲ್ಲರೂ ಹೇಳಿ ಮುಗಿಸಿದ ಮೇಲಷ್ಟೇ ಬಾಯಿ ತೆರೆಯುತ್ತೇನೆ.

ಆ ವರ್ಷ ಇನ್ನೊಂದು ತಲೆನೋವಿತ್ತು. ‘ಇದು ಸಿಲೆಬಸ್‌ನಾಗ ಇಲ್ರಿ ಸರ್’ ಅಂತ ಮಕ್ಕಳು ಪದೇ ಪದೇ ಹೇಳಿದರು. ಮೊದಲು ನಾನು ನಂಬಲಿಲ್ಲ, ಕಷ್ಟ ಆದದ್ದೆಲ್ಲ ಮಕ್ಕಳಿಗೆ ಸಿಲೆಬಸ್ ಹೊರಗಿನದೇ. ಪಠ್ಯಪುಸ್ತಕ ತೆಗೆದು ಒಂದೊಂದೇ ನೋಡಿದಾಗ ಕೆಲವು ನಿಜವಾಗಿಯೂ ಪಠ್ಯದಿಂದ ಕೈಬಿಟ್ಟ ಭಾಗದವು. ಅವುಗಳ ಮುಂದೆ ಕೆಂಪು ಗೆರೆ ಹೊಡೆದೆವು. ಈ ಗದ್ದಲ ರಾಜ್ಯದ ತುಂಬಾ ಎದ್ದು, ಕೊನೆಗೆ ನಾಲ್ಕೂ ವಿಷಯ ಸೇರಿ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದಲೇ ಬಿಟ್ಟರು. ನಾವು ಅವತ್ತು ಕೂಡಿಸಿ ಹಾಕಿದ್ದ ಮೊತ್ತವೆಲ್ಲ ತಲೆಕೆಳಗಾಯಿತು. ಹೇಗೂ ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ, ಸಂಜೆಯ ಲೆಕ್ಕದಿಂದ ರ‍್ಯಾಂಕ್ ಹೇಳಲು ಹೋಗಬೇಡಿ.

ಕೀ ಉತ್ತರ ವೆಬ್‌ಸೈಟಿಗೆ ಬಂದಾಗ ಮೊದಲು ಬರುವುದು ತಾತ್ಕಾಲಿಕದ್ದು. ಆಕ್ಷೇಪಣೆ ಹಾಕುವುದಾದರೆ ವಿಷಯ, ವರ್ಷನ್ ಕೋಡ್, ಪ್ರಶ್ನೆ ನಂಬರ್, ಜೊತೆಗೆ ಆಧಾರ ಬೇಕು. ‘ನಮ್ಮ ಸರ್ ಹೇಳಿದರು’ ಅನ್ನೋದು ಆಧಾರ ಅಲ್ಲ. ಖಾಕಿ ಹಾಳೆ ಇಂಥ ಹೊತ್ತಿಗೆ ಕೆಲಸಕ್ಕೆ ಬರುತ್ತದೆ, ಯಾವ ಪ್ರಶ್ನೆ ಯಾರ ಪುಸ್ತಿಕೆಯಲ್ಲಿ ಎಷ್ಟನೇದು ಅಂತ ಹುಡುಕಿ ಇಟ್ಟಾಗಿರುತ್ತದೆ.

ಕೊನೆಗೆ ಓಎಂಆರ್ ಪ್ರತಿ, ಅಂದರೆ ಗೋಲ ತುಂಬಿದ ಉತ್ತರ ಹಾಳೆಯ ನಕಲು. ನಾನು ಇದನ್ನು ಮೊದಲೇ ಮಾಡಿಸಬೇಕಿತ್ತು. ಅಂಕ ಎಣಿಸಬೇಕಾದದ್ದು ಪುಸ್ತಿಕೆಯ ಟಿಕ್‌ನಿಂದ ಅಲ್ಲ, ಕೈಗೆ ಕೊಟ್ಟ ಓಎಂಆರ್ ಪ್ರತಿಯಿಂದ. ಶಿಗ್ಗಾವಿಯ ಹುಡುಗ ಅಷ್ಟು ಹೊತ್ತೂ ಖುಷಿಯಲ್ಲಿದ್ದ, 48 ಬರತೈತಿ ಅಂತ ಮನೆಗೆ ಫೋನೂ ಮಾಡಿ ಆಗಿತ್ತು. ಪ್ರತಿ ತೆಗೆದು ಒಂದೊಂದೇ ಗೋಲ ನೋಡುತ್ತಾ ಹೋದವನು 37ಕ್ಕೆ ನಿಂತ. 37ನ್ನು ಆಮೇಲೆ ಮಾಡೋಣ ಅಂತ ಬಿಟ್ಟಿದ್ದಾನೆ, ಆದರೆ 38ರ ಉತ್ತರವನ್ನು 37ರ ಸಾಲಿನಲ್ಲೇ ತುಂಬಿದ್ದಾನೆ. ಅಲ್ಲಿಂದ 43ರವರೆಗೆ ಎಲ್ಲವೂ ಒಂದು ಸಾಲು ಮೇಲೆ. ಯಾರೂ ಏನೂ ಮಾತಾಡಲಿಲ್ಲ. ಇದನ್ನು 18ರ ರಾತ್ರಿಯೇ ನೋಡಿದ್ದರೆ ಅವನ ಫಿಜಿಕ್ಸೂ ಹೋಗುತ್ತಿತ್ತು ಅಂತ ನನಗೆ ನಾನೇ ಹೇಳಿಕೊಂಡೆ.

ಅವನು ಪ್ರತಿಯನ್ನು ಮಡಚಿ ಜೇಬಿಗೆ ಹಾಕಿಕೊಂಡು, ಉಳಿದ ಗಿರ್ಮಿಟ್ ತಿಂದು, ಚಪ್ಪಲಿ ಹಾಕಿಕೊಳ್ಳುವಾಗ ಕೇಳಿದ:

‘ಸರ್, ಮೇದಾಗ ಖಾಸಗಿ ಕಾಲೇಜಿನ ಎಕ್ಸಾಮ್ ಕಾಮೆಡ್‌ಕೆ ಐತಲ್ರಿ, ಅಲ್ಲೂ ಓಎಂಆರ್ ಏನ್ರಿ?’
‘ಇಲ್ಲೋ ತಮ್ಮಾ, ಅದು ಕಂಪ್ಯೂಟರ್ ಮ್ಯಾಲೆ.’
‘ಹಂಗಾರ ಚಲೋ ಆತ್ ಬಿಡ್ರಿ.’