ಗುರುವಿನ ದೂಳಿನ ಉಂಗುರವನ್ನು ಚಿತ್ರಗಳಿಂದ ಹೊರತೆಗೆದದ್ದು

ಗುರುಗ್ರಹಕ್ಕೂ ಉಂಗುರವಿದೆಯೆಂದು ಓದಿದಂದಿನಿಂದ ಅದನ್ನು ನನ್ನ ದೂರದರ್ಶಕದಲ್ಲೇ ಹಿಡಿಯಬೇಕೆಂಬ ಆಸೆಯಿತ್ತು. ಗುರುವಿನ ವಾತಾವರಣದಲ್ಲಿರುವ ಮೀಥೇನ್ ಅನಿಲ ಬೆಳಕನ್ನು ಹೀರಿಕೊಳ್ಳುವ 889 ನ್ಯಾನೊಮೀಟರಿನ ಫಿಲ್ಟರ್ ಹಾಕಿದರೆ ಗ್ರಹದ ಬಿಂಬ ಮಂಕಾಗಿ ಪಕ್ಕದ ಉಂಗುರ ಕಾಣಬಹುದೆಂದು ಲೆಕ್ಕ ಹಾಕಿದ್ದೆ. ಹಲವು ರಾತ್ರಿಗಳ ಚಿತ್ರಗಳನ್ನು ಒಟ್ಟುಗೂಡಿಸಿದರೂ ಏನೂ ಸಿಗಲಿಲ್ಲ. ಆ ತರಂಗದಲ್ಲೂ ಧ್ರುವಗಳ ಮೇಲಿನ ಎತ್ತರದ ಮಬ್ಬು ಹೊಳೆಯುತ್ತಲೇ ಇರುತ್ತದೆ, ಅದರ ಚದುರಿದ ಬೆಳಕೇ ಉಂಗುರವನ್ನು ಮುಚ್ಚಿಬಿಡುತ್ತದೆ. ಹವಾಯಿಯ ಕೆಕ್ ದೂರದರ್ಶಕದಿಂದ ಈ ಉಂಗುರವನ್ನು ನೋಡಿದವರು 2.2 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಸುತ್ತಲಿನ ಅವಕೆಂಪು ಬೆಳಕನ್ನು ಆರಿಸಿಕೊಂಡಿದ್ದರು. ಅಲ್ಲಿ ಗ್ರಹ ಬಹುಮಟ್ಟಿಗೆ ಕಪ್ಪಾಗುತ್ತದೆ. ಅವರ ಕನ್ನಡಿಯ ವ್ಯಾಸವೂ 10 ಮೀಟರ್.

ಕನ್ನಡಿಯ ಗಾತ್ರಕ್ಕಿಂತಲೂ ದೊಡ್ಡ ಅಡಚಣೆ ನೋಡುವ ಕೋನದ್ದು ಎಂಬುದು ಆಮೇಲೆ ಅರ್ಥವಾಯಿತು. ಮೈಕ್ರಾನ್ ಗಾತ್ರದ ದೂಳಿನ ಕಣಗಳು ಬೆಳಕನ್ನು ಹಿಂದಕ್ಕಿಂತ ಮುಂದಕ್ಕೇ ಹೆಚ್ಚಾಗಿ ಚದುರಿಸುತ್ತವೆ. ಬಿಸಿಲುಕೋಲಿಗೆ ಎದುರಾಗಿ ನಿಂತಾಗ ಕೋಣೆಯ ದೂಳು ಹೊಳೆಯುವುದೂ ಇದರಿಂದಲೇ. ಭೂಮಿಯಿಂದ ಗುರುವನ್ನು ನೋಡುವಾಗ ಸೂರ್ಯ ಹೆಚ್ಚುಕಡಿಮೆ ನಮ್ಮ ಬೆನ್ನ ಹಿಂದೆಯೇ ಇರುತ್ತಾನೆ, ಗುರುವಿನಿಂದ ನೋಡಿದರೆ ಸೂರ್ಯನಿಗೂ ಭೂಮಿಗೂ ನಡುವಿನ ಕೋನ 12 ಡಿಗ್ರಿಯನ್ನು ದಾಟುವುದಿಲ್ಲ. 1979ರ ಮಾರ್ಚ್‌ನಲ್ಲಿ ವಾಯೇಜರ್ 1 ನೌಕೆ ತೆಗೆದ ಮೊದಲ ಚಿತ್ರದಲ್ಲಿ ಮಸುಕಾಗಿದ್ದ ಈ ಉಂಗುರ, ನಾಲ್ಕು ತಿಂಗಳ ನಂತರ ವಾಯೇಜರ್ 2 ಗ್ರಹದ ಆಚೆಬದಿಗೆ ಹೋಗಿ ತಿರುಗಿ ನೋಡಿದಾಗ ಬೆಳಗಿತ್ತು.

ಆದ್ದರಿಂದ ನಾನು 2007ರ ಫೆಬ್ರುವರಿ ಕೊನೆಯಲ್ಲಿ ಗುರುವನ್ನು ಹಾದುಹೋದ ನ್ಯೂ ಹೊರೈಜನ್ಸ್ ನೌಕೆಯ ಲೋರಿ ಕ್ಯಾಮೆರಾದ ಚಿತ್ರಗಳತ್ತ ತಿರುಗಿದೆ. ಸಂಸ್ಕರಿಸದ ಆ ಚಿತ್ರಗಳು ನಾಸಾದ ದತ್ತಾಂಶ ಭಂಡಾರದಲ್ಲಿ ಎಲ್ಲರಿಗೂ ಸಿಗುತ್ತವೆ. ಲೋರಿಗೆ ಶಟರ್ ಇಲ್ಲದ ಕಾರಣ ಉಜ್ವಲವಾದ ಗ್ರಹ ಹತ್ತಿರದಲ್ಲಿದ್ದರೆ ಚಿತ್ರದುದ್ದಕ್ಕೂ ಬೆಳಕಿನ ಪಟ್ಟೆಗಳು ಮೂಡುತ್ತವೆ. ಮೊದಲು ಅವುಗಳನ್ನು ತೆಗೆದು, ಹಿನ್ನೆಲೆಯ ನಕ್ಷತ್ರಗಳ ಸ್ಥಾನದಿಂದ ಕ್ಯಾಮೆರಾ ನೋಡುತ್ತಿದ್ದ ದಿಕ್ಕನ್ನು ನಿಖರಪಡಿಸಿಕೊಂಡು, ನೌಕೆಯ ಪಥದ ಕಡತಗಳಿಂದ ಗ್ರಹದ ಕೇಂದ್ರವನ್ನು ಗುರುತಿಸಿದೆ. ಬಳಿಕ ಪ್ರತಿ ಪಿಕ್ಸೆಲ್ಲನ್ನೂ ಉಂಗುರದ ಸಮತಲದಲ್ಲಿ ಗ್ರಹಕೇಂದ್ರದಿಂದ ಎಷ್ಟು ದೂರ, ಯಾವ ರೇಖಾಂಶ ಎಂಬುದಕ್ಕೆ ಹೊಂದಿಸಿ ಮರುಜೋಡಿಸಿದಾಗ ಬಾಗಿದ ಉಂಗುರ ನೇರ ಪಟ್ಟಿಯಾಯಿತು. ಪಟ್ಟಿಯ ಉದ್ದಕ್ಕೂ ಮಧ್ಯಾಂಕ (ಬೆಲೆಗಳನ್ನು ಏರಿಕೆಯ ಕ್ರಮದಲ್ಲಿಟ್ಟಾಗ ನಡುವೆ ಬರುವ ಬೆಲೆ) ತೆಗೆದರೆ ನಕ್ಷತ್ರಗಳೂ ಕಾಸ್ಮಿಕ್ ಕಿರಣಗಳ ಚುಕ್ಕೆಗಳೂ ಉದುರಿಹೋಗಿ ಉಂಗುರ ಉಳಿಯುತ್ತದೆ.

ನಾನು ಎರಡು ಕಡೆ ಮೋಸಹೋದೆ. ಚದುರಿದ ಬೆಳಕನ್ನು ಕಳೆಯಲು ಬಳಸಿದ ಹಿನ್ನೆಲೆಯ ಮಾದರಿ ತೀರ ಸೂಕ್ಷ್ಮವಾಗಿದ್ದುದರಿಂದ ಅದು ಉಂಗುರವನ್ನೂ ಹಿನ್ನೆಲೆಯೆಂದೇ ಎಣಿಸಿ ಕಳೆದುಬಿಟ್ಟಿತ್ತು, ಇಕ್ಕೆಲಗಳಲ್ಲಿ ಸುಳ್ಳು ಕಪ್ಪು ಪಟ್ಟಿಗಳೂ ಮೂಡಿದ್ದವು. ಮುಖ್ಯ ಉಂಗುರದ ಅಗಲ ಸುಮಾರು 6,500 ಕಿ.ಮೀ.; ಮಾದರಿಯ ಏರಿಳಿತಗಳು ಅದಕ್ಕಿಂತ ಎಷ್ಟೋ ಪಟ್ಟು ಅಗಲವಾಗಿರಲೇಬೇಕು. ಇನ್ನೊಮ್ಮೆ ಉಂಗುರದ ಹೊರಗೆ ತೆಳುವಾದ ಗೆರೆಯೊಂದು ಕಂಡು ಬಹಳ ಹಿಗ್ಗಿದೆ. ಕ್ಯಾಮೆರಾ ಬೇರೆ ದಿಕ್ಕಿಗೆ ತಿರುಗಿದ್ದ ಚಿತ್ರಗಳಲ್ಲಿ ಆ ಗೆರೆ ಗ್ರಹದ ಜೊತೆ ಸರಿಯದೆ ಪಿಕ್ಸೆಲ್‌ಗಳ ಅದೇ ಜಾಗದಲ್ಲಿ ನಿಂತಿತ್ತು. ಅದು ಕ್ಯಾಮೆರಾದೊಳಗಿನ ಬೆಳಕೇ ಹೊರತು ಉಂಗುರವಲ್ಲ. ಅಂದಿನಿಂದ ಸಂಸ್ಕರಿಸುವ ಮೊದಲೇ ಕಚ್ಚಾ ಚಿತ್ರಕ್ಕೆ ಗೊತ್ತಾದ ಹೊಳಪಿನ ಕೃತಕ ಉಂಗುರವೊಂದನ್ನು ಸೇರಿಸಿ, ಕೊನೆಯಲ್ಲಿ ಅದು ಅಷ್ಟೇ ಹೊಳಪಿನಿಂದ ಹೊರಬರುತ್ತದೆಯೇ ಎಂದು ನೋಡದೆ ಯಾವ ಫಲಿತಾಂಶವನ್ನೂ ನಂಬುವುದಿಲ್ಲ. ಈ ಕೆಲಸದಲ್ಲಿ ನಾನು ಕಲಿತದ್ದರಲ್ಲಿ ಇದೇ ಎಲ್ಲಕ್ಕಿಂತ ಮುಖ್ಯವಾದದ್ದು.

ಕೊನೆಗೆ ಬಂದ ರೇಖಾಚಿತ್ರದಲ್ಲಿ ಹೊಳಪು ಒಳಗಿನಿಂದ ನಿಧಾನವಾಗಿ ಏರಿ, ಗ್ರಹಕೇಂದ್ರದಿಂದ 1,29,000 ಕಿ.ಮೀ. ಬಳಿ, ಅಂದರೆ ಅಡ್ರಾಸ್ಟಿಯ ಎಂಬ ಪುಟ್ಟ ಉಪಗ್ರಹದ ಕಕ್ಷೆಯ ಹತ್ತಿರ, ಥಟ್ಟನೆ ಕುಸಿಯುತ್ತದೆ. ಉಲ್ಕಾಕಣಗಳು ಇಂಥ ಪುಟ್ಟ ಉಪಗ್ರಹಗಳಿಗೆ ಬಡಿದು ಎಬ್ಬಿಸಿದ ದೂಳು ಕ್ರಮೇಣ ಗ್ರಹದತ್ತ ಸರಿಯುತ್ತದೆ ಎಂಬ ವಿವರಣೆಯನ್ನು ಓದಿದ್ದ ನನಗೆ, ಅಂಚು ಹೊರಗಡೆ ಮಾತ್ರ ಚೂಪಾಗಿರುವುದನ್ನು ನನ್ನದೇ ರೇಖೆಯಲ್ಲಿ ಕಂಡಾಗ ಆದ ಸಂತೋಷ ಅಷ್ಟಿಷ್ಟಲ್ಲ.

ಇದರಾಚೆ, ಅಮಾಲ್ತಿಯ ಉಪಗ್ರಹದಿಂದ ಹೊಮ್ಮಿ ಸುಮಾರು 1,82,000 ಕಿ.ಮೀ.ವರೆಗೆ ಹರಡಿರುವ ಇನ್ನೂ ತೆಳುವಾದ ಉಂಗುರ ನನಗೆ ಸಿಕ್ಕಿಲ್ಲ. ಅಷ್ಟೇ ಮಂಕಾದ ಕೃತಕ ಉಂಗುರವನ್ನು ಸೇರಿಸಿದರೆ ಅದೂ ಮರಳಿ ಬರುವುದಿಲ್ಲವಾದ್ದರಿಂದ ಈ ಚಿತ್ರಗಳಲ್ಲಿ ನನ್ನ ವಿಧಾನದ ಮಿತಿ ಅದೇ. ಈಗ, 1996ರ ನವೆಂಬರ್‌ನಲ್ಲಿ ಗೆಲಿಲಿಯೊ ನೌಕೆ ಗುರುವಿನ ನೆರಳಿನೊಳಗಿಂದ ತೆಗೆದ ಚಿತ್ರಗಳನ್ನು ಇದೇ ಕ್ರಮದಲ್ಲಿ ಜೋಡಿಸಲು ಆರಂಭಿಸಿದ್ದೇನೆ.